ಏಕಾದಶಿಯ ಒಂದು ಹನಿ

ಬೀಗ ಹಾಕಿದ ಮೇಲೆ ವೈದೇಹಿ ಅದನ್ನು ಒಮ್ಮೆ ಎಳೆದು ನೋಡುತ್ತಿದ್ದಳು. ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆಯುತ್ತಿದ್ದಳು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬೀಗ ತೆಗೆದು ಒಳಗೆ ಹೋಗಿ ಮೂಸಿ ನೋಡುವುದೂ ಇತ್ತು. ವಡೋದರದ ಫತೇಗಂಜ್‌ನಲ್ಲಿ ನಮ್ಮದು ಎದುರುಬದುರು ಮನೆ. ಬೆಳಿಗ್ಗೆ ಈ ಸದ್ದು ಕೇಳಿ ಕೇಳಿ ನನಗೆ ತಲೆ ಕೆಡುತ್ತಿತ್ತು.

"ಬೀಗಕ್ಕೇನು ಕಾಲ ಅದಾವೇನವಾ? ಇದ್ದಲ್ಲೇ ಇರ್ತದ, ನಡೀ," ಎಂದು ಬೈದರೆ ನಗುತ್ತಿದ್ದಳು. ನಕ್ಕು ಮತ್ತೊಮ್ಮೆ ಎಳೆಯುತ್ತಿದ್ದಳು.

ನಾನು ಧಾರವಾಡದವಳು, ಹೆಸರು ಶಕುಂತಲಾ. ಯಜಮಾನರ ರೈಲ್ವೆ ನೌಕರಿಯ ಹಿಂದೆ ವಡೋದರಕ್ಕೆ ಬಂದವಳು, ಇಲ್ಲೇ ಒಂದು ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸ ಹಿಡಿದು ಉಳಿದುಬಿಟ್ಟೆ. ವೈದೇಹಿ ಅದೇ ಸಂಸ್ಥೆಯ ಪ್ರಯೋಗಾಲಯಕ್ಕೆ ಮೈಸೂರಿನಿಂದ ಬಂದಳು. ಪಿಎಚ್.ಡಿ. ಆಗಿತ್ತು, ಮದುವೆಯೂ ಆಗಿತ್ತು. ಆದರೆ ಗಂಡ ಹಯವದನ ಇದ್ದದ್ದು ಸೂರತ್ ಪಕ್ಕದ ಹಜೀರಾದಲ್ಲಿ, ಒಂದು ಗ್ಯಾಸ್ ಕಾರ್ಖಾನೆಯ ಕಾಲೊನಿಯಲ್ಲಿ. ಅವಳು ಇಲ್ಲಿ, ಅವನು ಅಲ್ಲಿ. ವಾರದ ರಜೆಗೆ ಒಬ್ಬರು ರೈಲು ಹತ್ತಬೇಕು. ಇಬ್ಬರ ಸಂಸಾರ ನಡೆದದ್ದು ಹೆಚ್ಚು ಕಡಿಮೆ ಪ್ಲಾಟ್‌ಫಾರ್ಮಿನ ಮೇಲೇ ಎಂದರೂ ತಪ್ಪಿಲ್ಲ.

ಹಯವದನನನ್ನು ಕಂಡರೆ ನನಗೆ ಬಹಳ ಇಷ್ಟ. ಮೈಸೂರು ಕಡೆಯ ಮಾಧ್ವರ ಹುಡುಗ, ಮಾತಿಗೆ ಮುಂಚೆ ನಗು, ಊಟಕ್ಕೆ ಕೂತರೆ ಬಡಿಸುವವರಿಗೆ ಹಬ್ಬ. ಗುಜರಾತಿಗಳ ಒತ್ತಾಯಕ್ಕೆ ಬೇಡ ಎಂದು ಗೊತ್ತೇ ಇಲ್ಲದ ಮನುಷ್ಯ. ನನ್ನ ಮನೆಯಲ್ಲಿ ಜೋಳದ ರೊಟ್ಟಿ ಸುಟ್ಟಂತೆಲ್ಲ ತಟ್ಟೆಯಿಂದ ಮಾಯವಾಗುತ್ತಿದ್ದವು. ವೈದೇಹಿ ಪಕ್ಕದಲ್ಲಿ ಕೂತು, "ಸಾಕು ರೀ, ಹೊಟ್ಟೆ ಕೆಡುತ್ತೆ," ಎಂದು ಪೇಚಾಡುತ್ತಿದ್ದಳು. ಅವನಿಗೆ ಒಂದು ಸೀನು ಬಂದರೂ ಅವಳಿಗೆ ಅವತ್ತು ನಿದ್ದೆಯಿಲ್ಲ.

ಆದರೆ ನಾನು ಹೇಳುತ್ತಿರುವ ಆ ವರ್ಷ, ಎರಡು ಸಾವಿರದ ಐದು, ಅವಳ ಭಯವೆಲ್ಲ ಒಂದೇ ಕಡೆ ಹೋಗಿ ಕೂತಿತ್ತು. ಅದು ಅವಳ ಚಿಪ್ಪು.

ಚಿಪ್ಪು ಎಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಗಾಜಿನ ಚೂರು. ಅದಕ್ಕೆ ಅಂಟಿಸಿದ, ಆಚೆ ಕಾಣುವಂಥ ರಬ್ಬರಿನ ಪದರ. ಪದರದೊಳಗೆ ಕೂದಲಿನಷ್ಟು ಸಣ್ಣ ಕಾಲುವೆಗಳು. ಒಂದು ತುದಿಗೆ ಬೆರಳಿನಿಂದ ಒಂದು ಹನಿ ರಕ್ತ ಬಿಟ್ಟರೆ ಕೆಂಪು ಕಣಗಳು ಒಂದು ದಾರಿ ಹಿಡಿಯುತ್ತವೆ, ರಕ್ತದ ತಿಳಿ ಇನ್ನೊಂದು ದಾರಿ ಹಿಡಿದು ಕೊನೆಯಲ್ಲಿರುವ ಸಾಸಿವೆಯಷ್ಟು ಗುಂಡಿಗೆ ಬಂದು ಸೇರುತ್ತದೆ. ಆ ಗುಂಡಿಯ ಮೂಲಕ ಬೆಳಕು ಹಾಯಿಸಿದರೆ ಯಂತ್ರ ರೋಗಿಯ ಸ್ಥಿತಿ ಓದಿ ಹೇಳುತ್ತದೆ. ದೊಡ್ಡ ಲ್ಯಾಬು ಬೇಡ, ಸಿರಿಂಜು ತುಂಬ ರಕ್ತ ಬೇಡ. ಇದಕ್ಕೆ ಮೈಕ್ರೋಫ್ಲೂಯಿಡಿಕ್ಸ್ ಎಂದು ಹೆಸರು. ನನಗೆ ಆ ಹೆಸರು ಬಾಯಿಗೆ ಬರುವಷ್ಟರಲ್ಲಿ ಒಂದು ಮಳೆಗಾಲ ಮುಗಿದಿತ್ತು.

ಆ ಕಾಲುವೆಗೆ ಒಂದು ಧೂಳಿನ ಕಣ ಹೊಕ್ಕರೆ ಕೆಲಸ ಕೆಟ್ಟಿತು. ಒಂದು ಗುಳ್ಳೆ ಬಂದರೂ ಕೆಟ್ಟಿತು. ವೈದೇಹಿ ಹತ್ತಿಯ ಸೀರೆ ಉಡುವುದನ್ನೇ ಬಿಟ್ಟಳು, ಎಳೆ ಉದುರುತ್ತದೆಂದು. ಮನೆಯಲ್ಲಿ ಕೂತಿರುವಾಗ ತಟ್ಟನೆ ಎದ್ದು, "ಅಕ್ಕ, ಡಬ್ಬಿ ಮುಚ್ಚಳ ಹಾಕಿದ್ನಾ?" ಎಂದು ನನ್ನನ್ನು ಕೇಳುತ್ತಿದ್ದಳು. ಅವಳ ಪ್ರಯೋಗಾಲಯದ ಡಬ್ಬಿಯ ಮುಚ್ಚಳ ನನಗೆ ಹೇಗೆ ಗೊತ್ತಾಗಬೇಕು? "ಹಾಕೀದಿ, ನಾನೇ ನೋಡೇನಿ," ಎಂದುಬಿಡುತ್ತಿದ್ದೆ. ಅಷ್ಟರಿಂದ ಅವಳಿಗೆ ಒಂದು ತುತ್ತು ಒಳಗೆ ಇಳಿಯುತ್ತಿತ್ತು.

ಇಷ್ಟು ಗಾಬರಿಗೆ ಕಾರಣವೂ ಇತ್ತು. ಶ್ರಾವಣದ ಕೊನೆಗೆ ಅಹಮದಾಬಾದಿನಲ್ಲಿ ಜೀವವಿಜ್ಞಾನಕ್ಕೆ ಈ ಸಣ್ಣ ಕಾಲುವೆಗಳ ವಿದ್ಯೆ ಹೇಗೆ ಒದಗುತ್ತದೆ ಎಂಬುದರ ಬಗ್ಗೆ ದೊಡ್ಡ ಸಮ್ಮೇಳನ. ಅಲ್ಲಿಗೆ ಸೂರತ್‌ನ ಅಮೃತ್‌ಭಾಯಿ ಎಂಬವರು ಬರುವವರಿದ್ದರು. ಅವರದು ವೈದ್ಯಕೀಯ ಉಪಕರಣ ಮಾಡುವ ಕಂಪನಿ. ಎಲ್ಲರೆದುರು ಚಿಪ್ಪು ಕೆಲಸ ಮಾಡಿ ತೋರಿಸಿದರೆ ಅದನ್ನು ಸೂರತ್‌ನಲ್ಲೇ ಬೆಳೆಸುತ್ತೇವೆ, ವೈದೇಹಿಗೆ ಅಲ್ಲೇ ಕಾಯಂ ಕೆಲಸ ಕೊಡುತ್ತೇವೆ ಎಂದು ಅವಳ ಪ್ರೊಫೆಸರ ಹತ್ತಿರ ಮಾತಾಡಿದ್ದರು. ಸೂರತ್ ಎಂದರೆ ಹಜೀರಾ. ಹಜೀರಾ ಎಂದರೆ ಒಂದೇ ಮನೆ, ಒಂದೇ ಒಲೆ. ಮದುವೆಯಾದಂದಿನಿಂದ ಅವಳು ಬೇಡಿಕೊಂಡದ್ದು ಅಷ್ಟೇ. ಇತ್ತ ವಡೋದರದಲ್ಲಿ ಅವಳದು ತಾತ್ಕಾಲಿಕ ಹುದ್ದೆ, ಅದೂ ದೀಪಾವಳಿಗೆ ಮುಗಿಯುವುದಿತ್ತು.

ಶ್ರಾವಣದಲ್ಲಿ ಅವಳಿಗೆ ಒಂದು ಪಾಠವಾಯಿತು. ಪರೀಕ್ಷೆಗೆ ಖಾಲಿ ಹೊಟ್ಟೆಯ ರಕ್ತ ಬೇಕು. ಗುಜರಾತಿನಲ್ಲಿ ಶ್ರಾವಣವೆಂದರೆ ಮನೆಮನೆಯಲ್ಲೂ ಉಪವಾಸ. ಇದೇ ಒಳ್ಳೆಯ ಸಮಯ ಎಂದು ವೈದೇಹಿ ಪ್ರಯೋಗಾಲಯದ ಕೌಶಿಕ್‌ಭಾಯಿಯನ್ನು ಹಿಡಿದಳು. ಅವರು ಅವತ್ತು ಬೆಳಿಗ್ಗೆಯಿಂದ ಉಪವಾಸ. ಬೆರಳು ಕೊಟ್ಟರು. ಗುಂಡಿಗೆ ಬಂದು ಸೇರಬೇಕಾದದ್ದು ಗೋಧಿಹುಲ್ಲಿನ ಬಣ್ಣದ ತಿಳಿ. ಬಂದದ್ದು ಮಂಜು ಮಂಜಾದ ಬಿಳಿ. ಯಂತ್ರ ತಲೆಬುಡವಿಲ್ಲದ ಅಂಕಿ ತೋರಿಸಿತು. ಎರಡು ಚಿಪ್ಪು ಬದಲಾಯಿಸಿದಳು, ಅದೇ ಕಥೆ. ಕಾಲುವೆ ಕೆಟ್ಟಿತೆಂದು ಅಳುಮೋರೆ ಮಾಡಿಕೊಂಡು ಕೂತಳು. ಕೊನೆಗೆ ಏನೋ ಹೊಳೆದು, ಏನಾದರೂ ತಿಂದಿದ್ದೀರಾ ಎಂದು ಅವರನ್ನು ಕೇಳಿದಳಂತೆ.

"ಕಂಈ ನಥಿ ಖಾಧು, ಬೆನ್," ಎಂದರಂತೆ ಕೌಶಿಕ್‌ಭಾಯಿ. "ಖಾಲಿ ಫರಾಳ್ ಕರ್ಯು ಛೇ."

ಏನೂ ತಿಂದಿಲ್ಲ, ಬರೀ ಫಲಾಹಾರ. ಇಲ್ಲಿಯ ಫಲಾಹಾರ ಎಂದರೆ ಏನೆಂದು ನಮ್ಮೂರಿನವರಿಗೆ ಹೇಳಬೇಕು. ತುಪ್ಪದಲ್ಲಿ ಹುರಿದ ಸಾಬೂದಾಣಿ ಖಿಚಡಿ, ಕರಿದ ಆಲೂಗಡ್ಡೆ, ಹುರಿದ ಶೇಂಗಾ, ಮೇಲೆ ಒಂದು ಬಟ್ಟಲು ಶ್ರೀಖಂಡ. ಅಕ್ಕಿ ಗೋಧಿ ಮುಟ್ಟದಿದ್ದರೆ ಉಪವಾಸ ಉಪವಾಸವೇ. ಅವರ ಶಾಸ್ತ್ರದ ಪ್ರಕಾರ ಕೌಶಿಕ್‌ಭಾಯಿ ಒಂದಿಷ್ಟೂ ಸುಳ್ಳು ಹೇಳಿರಲಿಲ್ಲ. ಆದರೆ ರಕ್ತಕ್ಕೆ ಶಾಸ್ತ್ರ ಗೊತ್ತಿಲ್ಲವಲ್ಲ. ಕರಿದದ್ದು, ತುಪ್ಪದ್ದು ತಿಂದ ಕೆಲವು ಗಂಟೆಯ ತನಕ ಆ ಕೊಬ್ಬೆಲ್ಲ ರಕ್ತದಲ್ಲಿ ತೇಲುತ್ತದೆ, ತಿಳಿ ಹಾಲಿನ ಹಾಗಾಗುತ್ತದೆ.

ಮರುದಿನ ಇದನ್ನು ಹೇಳಿ ನನ್ನನ್ನು ನಗಿಸಿದಳು. ಮರುಗಳಿಗೆಗೆ ಮುಖ ಸಪ್ಪೆ. "ಅಕ್ಕ, ಸಮ್ಮೇಳನದ ದಿನ ಹೀಗಾದ್ರೆ? ನಮ್ಮ ಗುಂಪಿನವರ ರಕ್ತ ಉಪಯೋಗಿಸೋ ಹಾಗಿಲ್ಲ, ಹೊರಗಿನವರೇ ಆಗ್ಬೇಕಂತೆ. ಅವತ್ತು ಏಕಾದಶಿ ಬೇರೆ. ಇಡೀ ಅಹಮದಾಬಾದು ಸಾಬೂದಾಣಿ ತಿಂದು ಬಂದಿರುತ್ತೆ!"

"ನಿನ್ನ ಗಂಡನ್ನ ಕರಕೊಂಡು ಹೋಗವಾ," ಎಂದೆ. "ನಿಮ್ಮವರ ಏಕಾದಶಿ ಅಂದ್ರ ನೀರೂ ಮುಟ್ಟೂದಿಲ್ಲಲ್ಲ?"

ಅವಳು ಬಿದ್ದು ಬಿದ್ದು ನಕ್ಕಳು. ಹಯವದನ ಮುಂಜಿಯಾದ ವರ್ಷ ಬಿಟ್ಟರೆ ಮತ್ತೆ ಏಕಾದಶಿ ಮಾಡಿದವನೇ ಅಲ್ಲ. ಆದರೆ ಫೋನಿನಲ್ಲಿ ಕೇಳಿದಾಗ ಅವನು ಒಂದು ಕ್ಷಣವೂ ಯೋಚಿಸಲಿಲ್ಲವಂತೆ. ನಮ್ಮಪ್ಪ ಮಾಡುತ್ತಿದ್ದ ಹಾಗೆ ಮಾಡುತ್ತೇನೆ, ದಶಮಿ ಒಂದು ಹೊತ್ತು ಊಟ, ಏಕಾದಶಿ ನಿರ್ಜಲ, ಎಂದನಂತೆ. ನೀರು ಕುಡಿಯಬಹುದು ಎಂದು ಇವಳು ಹೇಳಿದರೂ ಕೇಳಲಿಲ್ಲ. "ನೀನು ಸೂರತ್‌ಗೆ ಬರ್ಬೇಕು ತಾನೆ? ಮಾಡಿದ್ರೆ ಸರಿಯಾಗೇ ಮಾಡ್ತೀನಿ," ಎಂದನಂತೆ. ಅದನ್ನು ಹೇಳುವಾಗ ಅವಳ ಕಣ್ಣು ತುಂಬಿತ್ತು. ನನಗೂ ಹೊಟ್ಟೆಕಿಚ್ಚಾಯಿತು. ನಮ್ಮ ಯಜಮಾನರು ನನಗಾಗಿ ಒಂದು ಕಪ್ ಚಹಾ ಬಿಟ್ಟವರಲ್ಲ.

ಸಮ್ಮೇಳನಕ್ಕೆ ಮುಂಚಿನ ಭಾನುವಾರ ಅವನ ರಕ್ತವನ್ನು ಒಮ್ಮೆ ಪರೀಕ್ಷಿಸಿ ನೋಡುವುದೆಂದು ತೀರ್ಮಾನವಾಗಿತ್ತು. ಆದರೆ ಶನಿವಾರ ಸಂಜೆ ಚಿಪ್ಪಿನ ಗಾಜುಗಳು ಸೀಳು ಬಿಟ್ಟವು. ರಕ್ತ ಬಿಡಲು ಗಾಜಿಗೆ ಸೂಜಿಮೊನೆಯಂಥ ತೂತು ಕೊರೆಯಬೇಕು. ಅದನ್ನು ಸೂರತ್‌ನ ವರಾಛಾದಲ್ಲಿ ವಜ್ರ ಕೊರೆಯುವ ಕಾರ್ಖಾನೆಯೊಂದರಲ್ಲಿ ಮಾಡಿಸುತ್ತಿದ್ದಳು. ಭಾನುವಾರ ಅವರಿಗೆ ರಜೆ, ಆದ್ದರಿಂದಲೇ ಯಂತ್ರ ಬಿಡುವಾಗಿ ಸಿಗುತ್ತಿತ್ತು. ಬೆಳಗಾಗುವುದರೊಳಗೆ ಇವಳು ಸೂರತ್ ರೈಲು ಹತ್ತಿದಳು. ಕಾಲೊನಿಗೆ ಫೋನು ಮಾಡಿದರೆ ಅವನು ಆಗಲೇ ಮನೆ ಬಿಟ್ಟಿದ್ದ. ಗಂಡ ಹೆಂಡತಿಯ ರೈಲುಗಳು ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿರಬೇಕು.

ಅವನು ಬಂದು ನನ್ನ ಮನೆಯಲ್ಲಿ ಕೂತ. ಇಳಿದು ಹೋಗಿದ್ದ. "ಏನ್ರೀ, ಕಾಲೊನಿ ಕ್ಯಾಂಟೀನ್ ಮುಚ್ಚ್ಯಾರೇನು?" ಎಂದು ಕೇಳಿದೆ. ಬಿಸಿಲು ಅಕ್ಕ, ಎಂದ. ಚೊಂಬು ನೀರು ಕುಡಿದ, ಇನ್ನೊಂದು ಕೇಳಿದ. ಊಟದ ಮೇಲೆ ಹೊಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಮಲಗಿದ. ಸಂಜೆ ವೈದೇಹಿ ಹೊಸ ಗಾಜು ಹಿಡಿದುಕೊಂಡು ಬರುವ ಹೊತ್ತಿಗೆ ಅವನು ಪಾಳಿಗೆಂದು ಹೊರಟಾಗಿತ್ತು. ಹೊಟ್ಟೆನೋವಿನ ವಿಷಯ ಹೇಳಿದೆ. "ಬಾಯಿ ಕಟ್ಟಲ್ಲ ಅಕ್ಕ, ಸಿಕ್ಕಿದ್ದೆಲ್ಲ ತಿಂತಾರೆ," ಎಂದು ಸಿಡುಕಿ, ಗಾಜನ್ನು ದೀಪಕ್ಕೆ ಹಿಡಿದು ಸೀಳು ಹುಡುಕತೊಡಗಿದಳು. ಬೇರೆ ದಿನವಾಗಿದ್ದರೆ ಅಷ್ಟು ಮಾತಿಗೆ ಆ ಹುಡುಗಿ ಮುಂದಿನ ರೈಲು ಹತ್ತಿ ಹಜೀರಾಕ್ಕೆ ಓಡುತ್ತಿದ್ದಳು.

ಏಕಾದಶಿ ಬಂತು. ಅವನು ಸೂರತ್‌ನಿಂದ ಬರುವ ರೈಲಿಗೇ ನಾವು ವಡೋದರದಲ್ಲಿ ಹತ್ತಿದೆವು. ನಾನು ಹೊರಟದ್ದು ಅವಳ ಸಾಮಾನು ಹಿಡಿಯಲು, ನಿಜ ಹೇಳಬೇಕೆಂದರೆ ಅವಳನ್ನೇ ಹಿಡಿಯಲು. ಚಿಪ್ಪುಗಳಿದ್ದ ಸ್ಟೀಲಿನ ಡಬ್ಬಿ ಅವಳ ಮಡಿಲಲ್ಲಿ. ರೈಲು ಅಲುಗಿದಾಗಲೆಲ್ಲ ಅದನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು.

ಹಯವದನನ ಎದುರು ಒಂದು ದೊಡ್ಡ ಕುಟುಂಬ ಕೂತಿತ್ತು. ಭರೂಚ್ ದಾಟಿ ಬಂದ ರೈಲಿನಲ್ಲಿ ಖಾರಿ ಸಿಂಗ್ ಇಲ್ಲದೆ ಇರುತ್ತದೆಯೇ? ಉಪ್ಪು ಹಚ್ಚಿ ಹುರಿದ ಆ ಶೇಂಗಾ ಏಕಾದಶಿಗೂ ನಡೆಯುತ್ತದೆ. ಪೊಟ್ಟಣಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಕೆಂಪು ಸಿಪ್ಪೆ ನೆಲದ ತುಂಬ, ಹಯವದನನ ಕಾಲ ಹತ್ತಿರವೂ ಬಿದ್ದಿತ್ತು. ವೈದೇಹಿಯ ಕಣ್ಣು ನೇರ ಅಲ್ಲಿಗೇ ಹೋಯಿತು.

"ನೀವು ತಿಂದಿಲ್ಲ ತಾನೆ?"

"ಇಲ್ವೇ."

"ಒಂದು ಕಾಳೂ?"

"ಇಲ್ಲ ಅಂದ್ನಲ್ಲ," ಎಂದು ಅವನು ನಕ್ಕ. ತುಟಿ ಒಡೆದಿತ್ತು. ಎದುರಿನ ಅಜ್ಜಿ ಅಷ್ಟರಲ್ಲೇ ಮತ್ತೊಮ್ಮೆ, "ಲ್ಯೋ ನೆ, ಬೇಟಾ," ಎಂದು ಪೊಟ್ಟಣ ಚಾಚಿದಳು. ವೈದೇಹಿ ಇಬ್ಬರ ನಡುವೆ ಕೈ ಅಡ್ಡ ಹಿಡಿದಳು. ಅಹಮದಾಬಾದ್ ಬರುವ ತನಕ ಅವಳ ಕಣ್ಣು ಅವನ ಬಾಯಿಯ ಮೇಲೇ ಇತ್ತು.

ಸಭಾಂಗಣ ತುಂಬಿತ್ತು. ಟೈ ಕಟ್ಟಿದವರು, ವಿದೇಶದಿಂದ ಬಂದವರು, ಮುಂದಿನ ಸಾಲಿನಲ್ಲಿ ಬಿಳಿ ಸಫಾರಿಯ ಅಮೃತ್‌ಭಾಯಿ. ಮಾತನಾಡುವವರೆಲ್ಲ ಕಾಲುವೆಗಳನ್ನು ಚಿತ್ರದಲ್ಲಿ ತೋರಿಸಿದರು. ನಿಜವಾದ ರಕ್ತ ಬಿಟ್ಟು ತೋರಿಸುತ್ತೇನೆಂದು ನಿಂತವಳು ಇವಳೊಬ್ಬಳೇ. ಡಬ್ಬಿಯ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. ಹಯವದನ ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತು ಶಾಲೆಯ ಮಗುವಿನ ಹಾಗೆ ಬೆರಳು ಚಾಚಿದ. ದಾನಿ ಹಿಂದಿನ ದಿನದಿಂದ ಉಪವಾಸವಿದ್ದಾರೆ, ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು.

ಹನಿ ಚಿಪ್ಪಿನೊಳಗೆ ಇಳಿಯಿತು. ಸಣ್ಣ ಕ್ಯಾಮೆರಾ ಅದನ್ನು ಗೋಡೆಯ ಪರದೆಯ ಮೇಲೆ ನದಿಯಷ್ಟು ದೊಡ್ಡದಾಗಿ ತೋರಿಸುತ್ತಿತ್ತು. ಗುಳ್ಳೆ ಬರಲಿಲ್ಲ. ಕೆಂಪು ತನ್ನ ದಾರಿ ಹಿಡಿಯಿತು. ನಾನು ಉಸಿರು ಬಿಟ್ಟೆ. ಆಮೇಲೆ ಕೊನೆಯ ಗುಂಡಿ ತುಂಬತೊಡಗಿತು.

ಬಿಳಿ. ಕೌಶಿಕ್‌ಭಾಯಿಯದು ಮಂಜು ಎಂದಿದ್ದಳಲ್ಲ, ಇದು ಮಂಜಲ್ಲ, ಹಾಲೇ ಹಾಲು. ಯಂತ್ರ ಒಂದು ಅಂಕಿ ತೋರಿಸಿತು, ಅಳಿಸಿತು, ಸುಮ್ಮನಾಯಿತು.

ಅಮೃತ್‌ಭಾಯಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ, ಗಟ್ಟಿಯಾಗಿ ಕೇಳಿದರು, "ಮೆಷಿನ್ ಮೇ ಗಡಬಡ್ ಹೈ ಕ್ಯಾ, ಮ್ಯಾಡಮ್?"

ವೈದೇಹಿ ಗಂಡನ ಕಡೆ ತಿರುಗಿದಳು. ಮೈಕು ಅವಳ ಕೊರಳಲ್ಲೇ ಇತ್ತು, ಕನ್ನಡದ ಮಾತು ಇಡೀ ಸಭಾಂಗಣಕ್ಕೆ ಕೇಳಿಸಿತು. "ಏನು ತಿಂದ್ರಿ?"

ಹಯವದನ ಅವಳನ್ನು ನೋಡಿದ, ಪರದೆಯನ್ನು ನೋಡಿದ, ಅಮೃತ್‌ಭಾಯಿಯನ್ನು ನೋಡಿದ. ಆಮೇಲೆ ತಲೆ ಕೆರೆದುಕೊಂಡು, ಎಲ್ಲರಿಗೂ ಅರ್ಥವಾಗಲೆಂದು ಹಿಂದಿಯಲ್ಲಿ ಹೇಳಿದ, "ಮಾಫ್ ಕರೋ ಸಾಹೇಬ್, ಭರೂಚ್ ಕೀ ಸಿಂಗ್ ದೇಖ್ ಕೇ ರಹಾ ನಹೀಂ ಗಯಾ."

ಭರೂಚ್‌ನ ಶೇಂಗಾ ನೋಡಿ ತಡೆಯಲಾಗಲಿಲ್ಲ! ಸಭೆ ಹೋ ಎಂದು ನಕ್ಕಿತು. ಗುಜರಾತಿನವರಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ತಪ್ಪು ಇನ್ನೊಂದಿಲ್ಲ. "ಫರಾಳಿ ಉಪವಾಸ್!" ಎಂದು ಹಿಂದಿನಿಂದ ಯಾರೋ ಕೂಗಿದರು. ವೈದೇಹಿಯ ಮುಖಕ್ಕೆ ಜೀವ ಬಂತು. ಕೌಶಿಕ್‌ಭಾಯಿಯ ಪ್ರಸಂಗ ಹೇಳಿದಳು, ತಿಂದ ಕೊಬ್ಬು ರಕ್ತದಲ್ಲಿ ಹೇಗೆ ಕಾಣುತ್ತದೆಂದು ವಿವರಿಸಿದಳು. ನನ್ನ ಗಂಡನೂ ಗುಜರಾತಿ ಉಪವಾಸ ಕಲಿತಿದ್ದಾರೆ ಎಂದಳು. ಮತ್ತೆ ನಗು. ಹಯವದನ ಎದ್ದು ನಿಂತು ಕೈ ಮುಗಿದ.

ಅಮೃತ್‌ಭಾಯಿ ಮಾತ್ರ ವ್ಯಾಪಾರಸ್ಥರು. ಪಕ್ಕದಲ್ಲಿ ಕೂತಿದ್ದ ತಮ್ಮ ಕಂಪನಿಯ ಡಾಕ್ಟರನ್ನು ಎಬ್ಬಿಸಿದರು. ಹೇತಲ್ ಬೆನ್ ಎಂಬ ಜೈನ ಹೆಂಗಸು. ಅವರ ಪರ್ಯೂಷಣದ ಹಬ್ಬಕ್ಕೆ ಮೊದಲೇ ಉಪವಾಸ ಹಿಡಿದಿದ್ದರು. ಜೈನರ ಉಪವಾಸವೆಂದರೆ ಕಾಯಿಸಿದ ನೀರು ಬಿಟ್ಟು ಬೇರೇನೂ ಇಲ್ಲ. ಅವರ ಬೆರಳಿನ ಹನಿ ಹೊಸ ಚಿಪ್ಪಿಗೆ ಬಿತ್ತು. ಗುಂಡಿಗೆ ತಿಳಿಯಾದ, ಎಳೆ ಹಳದಿಯ ದ್ರವ ಬಂದು ನಿಂತಿತು. ಅಂಕಿ ಬಂತು, ಅಲುಗದೆ ನಿಂತಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಅಮೃತ್‌ಭಾಯಿ ವೇದಿಕೆಗೇ ಬಂದು, ರೋಗಿ ಮುಚ್ಚಿಟ್ಟದ್ದನ್ನೂ ನಿಮ್ಮ ಚಿಪ್ಪು ಹಿಡಿಯುತ್ತದಲ್ಲ ಎಂದು ಬೆನ್ನು ತಟ್ಟಿದರು. "ದಿವಾಳಿ ಪಹೇಲಾ ಸೂರತ್ ಆವಿ ಜಾವ್, ಬೆನ್." ದೀಪಾವಳಿಗೆ ಮೊದಲೇ ಸೂರತ್‌ಗೆ ಬಂದುಬಿಡಿ. ನಾನು ಕೂತಲ್ಲೇ ಅತ್ತುಬಿಟ್ಟೆ.

ಮಧ್ಯಾಹ್ನ ಭರ್ಜರಿ ಊಟ. ಏಕಾದಶಿಯವರಿಗೆ ಬೇರೆ ಮೇಜು, ಅದರ ಮೇಲೆ ಬಾಸುಂದಿ. ವೈದೇಹಿಯ ಸುತ್ತ ಜನ. ಹಯವದನ ಮೂಲೆಯ ಕುರ್ಚಿಯಲ್ಲಿ ಬರಿಗೈಯಲ್ಲಿ ಕೂತಿದ್ದ. ಹೋಗುವವರು ಬರುವವರೆಲ್ಲ, "ಸಿಂಗ್ ಲಾವು?" ಶೇಂಗಾ ತರಲೇ, ಎಂದು ಚೇಷ್ಟೆ ಮಾಡುತ್ತಿದ್ದರು, ಅವನು ನಗುತ್ತಿದ್ದ. ನಾನು ಒಂದು ಬಟ್ಟಲು ಬಾಸುಂದಿ ಒಯ್ದು ಕೊಟ್ಟೆ. ಬೇಡವೆಂದ. ನೀರು ಕೊಟ್ಟೆ. ಲೋಟವನ್ನು ಒಂದು ಕ್ಷಣ ನೋಡಿ, ಅದನ್ನೂ ಬೇಡವೆಂದ.

ವೈದೇಹಿ ಅವನೊಂದಿಗೆ ಮಾತು ಬಿಟ್ಟಿದ್ದಳು. ಸಂಜೆಯ ರೈಲಿನಲ್ಲಿ ಅವನು ಕಿಟಕಿಯ ಸೀಟು ಬಿಟ್ಟುಕೊಟ್ಟರೂ ತಿರುಗಿ ನೋಡಲಿಲ್ಲ. ಅವನು ಸ್ವಲ್ಪ ಹೊತ್ತು ನೋಡಿ ಬಾಗಿಲ ಹತ್ತಿರ ಹೋಗಿ ನಿಂತ.

"ಎಲ್ಲಾ ಛಲೋ ಆತಲ್ಲ, ಮುಖ ಯಾಕ ಹಿಂಗ?" ಎಂದೆ.

"ಒಂದು ದಿನ ಅಕ್ಕ. ನನಗೋಸ್ಕರ ಒಂದೇ ಒಂದು ದಿನ ಬಾಯಿ ಕಟ್ಟೋಕೆ ಆಗ್ಲಿಲ್ಲ ಅವರಿಗೆ. ಆ ಡಾಕ್ಟರ್ ಇಲ್ದೇ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತು? ಬೆಳಿಗ್ಗೆ ಕೇಳಿದ್ರೆ ಇಲ್ಲ ಅಂತ ನಗ್ತಾರೆ ಬೇರೆ."

ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ನನ್ನ ತಲೆಯಲ್ಲಿ ಆ ನೀರಿನ ಲೋಟ ಕೂತುಬಿಟ್ಟಿತ್ತು. ಮುರಿದ ಉಪವಾಸಕ್ಕೆ ಯಾರಾದರೂ ನೀರು ಬಿಡುತ್ತಾರೆಯೇ? ಅದೂ ಬಾಸುಂದಿ ಎದುರಿಗಿರುವಾಗ, ಈ ಮನುಷ್ಯ? ಎದ್ದು ಬಾಗಿಲ ಹತ್ತಿರ ಹೋದೆ.

"ಹಯವದನ, ಖರೇ ಹೇಳ್ರಿ. ಶೇಂಗಾ ತಿಂದೀರೋ ಇಲ್ಲೋ?"

ಅವನು ವೈದೇಹಿ ಕೇಳಿಸಿಕೊಳ್ಳುತ್ತಿದ್ದಾಳೆಯೇ ಎಂದು ಒಳಗೆ ಇಣುಕಿದ. "ಇಲ್ಲ ಶಕುಂತಲಕ್ಕ. ನಿನ್ನೆ ಮಧ್ಯಾಹ್ನ ಉಂಡಿದ್ದೇ ಕೊನೆ."

"ಮತ್ತ ಅಷ್ಟು ಮಂದಿ ಮುಂದ ತಿಂದೆ ಅಂದ್ರೆಲ್ಲ?"

"ಇನ್ನೇನು ಮಾಡ್ಲಿ? ಮೆಷಿನ್ ಕೈಕೊಡ್ತು. ಅವಳ ಮುಖ ನೋಡಿದ್ರಿ ಅಲ್ವಾ ನೀವು? ಮೆಷಿನ್‌ದು ತಪ್ಪು ಅಂದ್ರೆ ಸೂರತ್ ಹೋಯ್ತು. ನಂದು ತಪ್ಪು ಅಂದ್ರೆ ನಾಲ್ಕು ಜನ ನಗ್ತಾರೆ, ಅಷ್ಟೇ ತಾನೆ. ಆಮೇಲೆ ಎರಡನೇ ಸಲ ಸರಿಯಾಗೇ ಬಂತಲ್ಲ." ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು ನಕ್ಕ. "ಅವಳಿಗೆ ಹೇಳ್ಬೇಡಿ. ಕೆಲಸಕ್ಕೆ ಸೇರ್ಕೊಳ್ಳಲಿ, ಆಮೇಲೆ ನಾನೇ ಹೇಳ್ತೀನಿ."

ಹೇಳಬೇಡಿ ಎಂದರೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಪೈಕಿ ನಾನಲ್ಲ. ಇಂಥ ಗಂಡನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾಳಲ್ಲ ಎಂದು ನನಗೆ ಅವಳ ಮೇಲೆ ಕೋಪವೇ ಬಂತು. ನೇರ ಹೋಗಿ ಅವಳ ಪಕ್ಕ ಕೂತೆ.

"ಹುಚ್ಚಿ, ಆ ಮನುಷ್ಯಾ ಒಂದು ಕಾಳೂ ತಿಂದಿಲ್ಲ. ನಿನ್ನ ಮೆಷಿನ್ನಿನ ಮಾನ ಉಳಿಸಾಕ ಎಲ್ಲಾರ ಮುಂದ ಸುಳ್ಳು ಹೇಳ್ಯಾನ. ನೀರು ಸೈತ ಇನ್ನೂ ಮುಟ್ಟಿಲ್ಲ."

ಅಳುತ್ತಾಳೆ, ಓಡಿ ಹೋಗಿ ಅವನ ಹತ್ತಿರ ನಿಲ್ಲುತ್ತಾಳೆ ಎಂದು ನಾನು ಕಾದೆ. ಅವಳು ಅಲುಗಲಿಲ್ಲ. ನನ್ನನ್ನೇ ನೋಡುತ್ತಾ ಕೂತಳು. ಮುಖದ ಬಣ್ಣ ಇಳಿಯಿತು.

"ತಿಂದಿಲ್ವಾ?"

"ಇಲ್ಲಂತ."

"ಅಕ್ಕ, ಮೆಷಿನ್ ಕೆಟ್ಟಿರ್ಲಿಲ್ಲ," ಎಂದಳು. "ಅದೇ ಮೆಷಿನ್, ಎರಡೂ ಒಂದೇ ದಿನ ಮಾಡಿದ ಚಿಪ್ಪು. ಆ ಡಾಕ್ಟರ್ ರಕ್ತ ತಿಳಿಯಾಗಿ ಬಂತು. ಹಾಗಾದ್ರೆ ಇವರದ್ದೂ ಸರಿಯಾಗೇ ತೋರಿಸಿದೆ. ಖಾಲಿ ಹೊಟ್ಟೆಲಿ ರಕ್ತ ಹಾಲಿನ ಹಾಗೆ ಇದೆ ಅಂದ್ರೆ..."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದ್ದು ಇಷ್ಟು. ತಿಂದ ಕೊಬ್ಬಾದರೆ ಸಂಜೆಯೊಳಗೆ ಕರಗಿ ಹೋಗುತ್ತದೆ. ತಿನ್ನದೆ ಇಷ್ಟು ಕೊಬ್ಬು ರಕ್ತದಲ್ಲಿ ನಿಂತಿದೆಯೆಂದರೆ ಒಳಗೆ ದೊಡ್ಡ ಕಾಯಿಲೆ ಇದೆ. ಸಕ್ಕರೆ ಕಾಯಿಲೆ ಯಾವಾಗಿನಿಂದಲೋ ಏರಿ ಕೂತಿರಬಹುದು. ಮೇದೋಜ್ಜೀರಕ ಗ್ರಂಥಿ ಇವತ್ತೋ ನಾಳೆಯೋ ಬೆಂದು ಹೋಗಬಹುದು, ಹಾಗಾದರೆ ಜೀವಕ್ಕೇ ಅಪಾಯ. ಇಳಿದುಹೋದ ಮೈ, ತಡೆಯಲಾಗದ ಬಾಯಾರಿಕೆ, ಊಟದ ಮೇಲಿನ ಹೊಟ್ಟೆನೋವು. ಒಂದೊಂದನ್ನೂ ಹೇಳುತ್ತಾ ಅವಳು ನನ್ನ ಕೈಯನ್ನು ಹಿಂಡುತ್ತಿದ್ದಳು. "ನೀವು ಹೇಳಿದ್ರಿ ಅಕ್ಕ. ನಾನು ಗಾಜು ನೋಡ್ತಾ ಇದ್ದೆ."

ಎದ್ದಳು. ನಾನೂ ಹಿಂದೆಯೇ ಹೋದೆ. ಬಾಗಿಲ ಬಳಿ ಅವನು ಕಂಬಿ ಹಿಡಿದು ನಿಂತಿದ್ದ. ಅವಳು ಅವನ ಶರ್ಟಿನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು.

"ರೀ, ಬೆಳಿಗ್ಗೆ ಶೇಂಗಾ ತಿಂದ್ರಿ ಅಲ್ವಾ?"

ಅವನು ನನ್ನ ಕಡೆ ನೋಡಿದ. "ಹೇಳೇಬಿಟ್ರಾ, ಅಕ್ಕ?"

"ಅವರನ್ನ ಬಿಡಿ. ನೀವು ಹೇಳಿ. ತಿಂದ್ರಿ ತಾನೆ? ಆ ಅಜ್ಜಿ ಕೊಟ್ಟರು, ತಿಂದ್ರಿ. ಕ್ಯಾಂಟೀನಲ್ಲಾದ್ರೂ ಏನೋ ತಿಂದಿರ್ತೀರಿ, ಮರೆತಿದ್ದೀರಿ. ನಾನು ಬೈಯಲ್ಲ. ತಿಂದೆ ಅನ್ನಿ ರೀ."

ಹೆಂಡತಿ ತನ್ನನ್ನು ಇನ್ನೂ ನಂಬುತ್ತಿಲ್ಲ ಎಂದೇ ಅವನು ತಿಳಿದ. ಅವಳ ತಲೆಯ ಮೇಲೆ ಕೈಯಿಟ್ಟ. ಮುಂಜಿಯ ವರ್ಷದ ಮೇಲೆ ಮೊದಲ ಸಲ ಒಂದು ವ್ರತ ಪೂರ್ತಿ ಮಾಡಿದ ಹೆಮ್ಮೆ ಅವನ ಮುಖದ ತುಂಬ ಇತ್ತು.

"ನಿನ್ನಾಣೆ ಕಣೇ," ಎಂದ. "ಒಂದು ಕಾಳೂ ಮುಟ್ಟಿಲ್ಲ."